ಒಗ್ನ್ಯಾನ್ ಮುಂಬಾಗಿಲಿಂದ ಬಂದ ದಿನ

ನಮ್ಮ ಕಟ್ಟಡದ ಮೆಟ್ಟಿಲು ಬೆಳಗ್ಗೆ ಒದ್ದೆಯಾಗಿದ್ದರೆ ಯಾರೋ ಮುಖ್ಯವಾದ ಕೆಲಸಕ್ಕೆ ಹೊರಟಿದ್ದಾರೆ ಎಂದೇ ತಿಳಿಯಬೇಕು. ಪರೀಕ್ಷೆಗೆ ಹೋಗುವ ಹುಡುಗಿಯಾಗಲಿ, ಕೆಲಸ ಕೇಳಲು ಹೊರಟ ಗಂಡಸಾಗಲಿ, ಮನೆಯ ಹಿರಿಯ ಹೆಂಗಸು ಹೊಸ್ತಿಲ ಮುಂದೆ ತಾಮ್ರದ ಚೊಂಬಿನಿಂದ ನೀರು ಸುರಿಯುತ್ತಾಳೆ. ಹೊರಟವರು ಅದನ್ನು ದಾಟಿ ಹೋಗುತ್ತಾರೆ. ನೀರು ಹರಿದ ಹಾಗೆ ಅವರ ಕೆಲಸವೂ ಸರಾಗವಾಗಿ ಸಾಗಲಿ ಎಂಬ ಹಾರೈಕೆ ಅದು. ಬಲ್ಗೇರಿಯಾದ ನಮ್ಮ ಕಡೆ ಇದನ್ನು ಬಿಟ್ಟ ಮನೆಯನ್ನು ನಾನಂತೂ ಕಂಡಿಲ್ಲ.

ನಾಲ್ಕನೇ ಮಹಡಿಯ ಝ್ಲಾತಾ ಅಜ್ಜಿಗೆ ಮಾತ್ರ ಚೊಂಬು ಸಾಲದು. ಆಕೆ ಬಕೆಟ್ಟಿನಲ್ಲೇ ಸುರಿಯುವವಳು. ಮಗ ಸಂದರ್ಶನಕ್ಕೆ ಹೊರಟ ದಿನ ಆ ನೀರು ಮೆಟ್ಟಿಲು ಮೆಟ್ಟಿಲು ಇಳಿದು ನೆಲಮಹಡಿಯಲ್ಲಿರುವ ನನ್ನ ಬಾಗಿಲ ತನಕ ಬರುತ್ತಿತ್ತು. ನಾನು ಗೋಣಿಚೀಲ ಅಡ್ಡ ಹಾಕಿ, ಅಜ್ಜಿಗೆ ಒಂದಿಷ್ಟು ಬೈದು, ಕೊನೆಗೆ ಅವಳ ಮಗನಿಗೆ ಒಳ್ಳೆಯದಾಗಲಿ ಎಂದು ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದೆ.

ಆ ಮಗನ ಹೆಸರು ಒಗ್ನ್ಯಾನ್. ನಮಗೆಲ್ಲ ಅವನು ಓಗಿ. ಡ್ಯಾನ್ಯೂಬ್ ನದಿಯ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದ. ಒಮ್ಮೆ ನಮ್ಮ ಚರ್ಚಿಗೆ ಹೊಸ ಗಂಟೆ ಹಡಗಿನಲ್ಲಿ ಬಂತು. ಎತ್ತಿನ ಗಾತ್ರದ ಗಂಟೆ. ಅರ್ಧ ಊರು ದಡದಲ್ಲಿ ನೆರೆದಿತ್ತು. ಓಗಿ ಅದನ್ನು ಮೇಲಕ್ಕೆತ್ತಿ, ನಮ್ಮ ತಲೆಯ ಮೇಲಿಂದ ತಿರುಗಿಸಿ, ಲಾರಿಯಲ್ಲಿ ಹಾಸಿದ್ದ ಹುಲ್ಲಿನ ಮೇಲೆ ಇಳಿಸಿದ. ಅಷ್ಟು ದೊಡ್ಡ ಗಂಟೆ ಠಣ್ ಎನ್ನಲಿಲ್ಲ. ಮಲಗಿದ ಮಗುವನ್ನು ತೊಟ್ಟಿಲಿಗೆ ಇಳಿಸಿದ ಹಾಗಿತ್ತು. ಪಾದ್ರಿಗಳು ಪ್ರಾರ್ಥನೆ ಮರೆತು ಬಾಯಿ ಬಿಟ್ಟುಕೊಂಡು ನಿಂತಿದ್ದರು. ಅಂಥ ಸೋಜಿಗವನ್ನು ನಾನು ಇನ್ನೆಂದೂ ನೋಡಲಾರೆ ಎಂದುಕೊಂಡಿದ್ದೆ.

ಅಂಥವನ ಕೆಲಸ ಹೋಯಿತು. ಸರಕು ಕಡಿಮೆಯಾಯಿತು, ಹಳೆಯ ಕ್ರೇನುಗಳನ್ನು ಕಳಚಿದರು, ಜನರನ್ನು ಮನೆಗೆ ಕಳಿಸಿದರು. ಓಗಿಗೆ ಆಗ ಐವತ್ತು ಹತ್ತಿರವಾಗಿತ್ತು. ಸಿಮೆಂಟ್ ಗೋದಾಮಿನವರು ವಯಸ್ಸು ಹೆಚ್ಚಾಯಿತು ಎಂದರು. ಬೇಕರಿಯವರು ಅನುಭವ ಹೆಚ್ಚಾಯಿತು ಎಂದರು. ಬಸ್ ಡಿಪೋದವರು ಅನುಭವ ಸಾಲದು ಎಂದರು. ಉಳಿದವರು ಏನನ್ನೂ ಹೇಳಲಿಲ್ಲ, ಫೋನನ್ನೂ ಎತ್ತಲಿಲ್ಲ.

ಇನ್ನು ನಮ್ಮ ಕಟ್ಟಡ. ಬೆಳಗ್ಗೆ ಮೆಟ್ಟಿಲು ಒದ್ದೆ ಎಂದ ಮೇಲೆ ಸಂಜೆ ಎಲ್ಲರಿಗೂ ಉತ್ತರ ಬೇಕು.

"ಓಗಿ, ಏನಾಯ್ತಪ್ಪಾ? ಸಿಕ್ತಾ?" ಎಂದು ನೆಲಮಹಡಿಯಲ್ಲಿ ನಾನು.

"ಇಲ್ಲ ಕೀನಮ್ಮಾ."

"ಈ ಸಲವಾದ್ರೂ ಆಯ್ತೇನೋ?" ಎಂದು ಮೊದಲ ಮಹಡಿ.

"ಇಲ್ಲಣ್ಣಾ."

"ಅಯ್ಯೋ, ಯಾಕಂತೆ?" ಎಂದು ಅದರ ಮೇಲಿನವರು. ಎಲ್ಲರದೂ ಪ್ರೀತಿಯೇ. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಆದರೆ ನಾಲ್ಕನೇ ಮಹಡಿ ತಲುಪುವ ಹೊತ್ತಿಗೆ ಅವನ ಬೆನ್ನು ಬಾಗಿರುತ್ತಿತ್ತು.

ಆಮೇಲೆ ಮೆಟ್ಟಿಲು ಒಣಗಿಯೇ ಇರತೊಡಗಿತು. ಪಾಪ, ಹುಡುಕುವುದನ್ನೇ ಬಿಟ್ಟ ಎಂದುಕೊಂಡೆವು. ಸೆಪ್ಟೆಂಬರಿನ ಒಂದು ಬೆಳಗ್ಗೆ ನಾನು ಗಾಜಿನ ಜಾಡಿ ತರಲು ನೆಲಮಾಳಿಗೆಗೆ ಇಳಿದೆ. ಹಿಂದೆ ಕಲ್ಲಿದ್ದಲು ಸುರಿಯುತ್ತಿದ್ದ ಕಿಂಡಿಯಲ್ಲಿ ಎರಡು ಕಾಲು ನೇತಾಡುತ್ತಿದ್ದವು. ಕಳ್ಳನೆಂದು ಪೊರಕೆ ಎತ್ತಿದೆ. ನೋಡಿದರೆ ಓಗಿ! ಇಸ್ತ್ರಿ ಮಾಡಿದ ಬಿಳಿ ಅಂಗಿ, ಟೈ, ಮೊಣಕಾಲಿಗೆಲ್ಲ ಕರಿ ಮಸಿ.

"ಇದೇನೋ ನಿನ್ನ ವೇಷ? ಬಾಗಿಲು ಮರೆತು ಹೋಯ್ತಾ?"

"ಮೆಲ್ಲಗೆ ಕೀನಮ್ಮಾ, ಅಮ್ಮನಿಗೆ ಕೇಳಿಸತ್ತೆ." ಅವನು ಕೆಳಗಿಳಿದು ಮುರುಕು ಪೆಟ್ಟಿಗೆಯ ಮೇಲೆ ಕೂತ. "ಇಂಟರ್‌ವ್ಯೂಗೆ ಹೊರಟಿದ್ದೆ. ಮುಂದಿಂದ ಹೋದ್ರೆ ಅಮ್ಮ ನೀರು ಸುರೀತಾಳೆ, ಎಲ್ಲರಿಗೂ ಗೊತ್ತಾಗತ್ತೆ. ಅದಕ್ಕೇ ಕೆಳಗೆ ಏನೋ ಕೆಲಸ ಇದೆ ಅಂತ ಇಳಿದು, ಇಲ್ಲೇ ಬಟ್ಟೆ ಬದಲಿಸ್ತೀನಿ. ಆಫೀಸಲ್ಲಿ ಬೇಡ ಅಂತಾರಲ್ಲ, ಅದನ್ನ ಹೇಗೋ ನುಂಗ್ಕೋತೀನಿ. ಸಂಜೆ ಈ ಮೆಟ್ಟಿಲು ಹತ್ತೋದಿದೆಯಲ್ಲ, ಅದು ನನ್ನ ಕೈಲಾಗಲ್ಲ."

"ಹಾಗಾದ್ರೆ ಈಗ ಹೋಗು. ನಾನು ಬಾಯಿ ಬಿಡಲ್ಲ."

"ಇಲ್ಲ, ಸಾಕಾಯ್ತು. ಬುಧವಾರ ದೋಣಿ ರಿಪೇರಿ ಕಾರ್ಖಾನೆಗೂ ಕರೆದಿದ್ದಾರೆ. ಭಾರ ಎತ್ತೋ ಯಂತ್ರದ ಕೆಲಸವೇ. ಅದಕ್ಕೂ ಹೋಗಲ್ಲ. ಇನ್ನು ಎಲ್ಲಿಗೂ ಹೋಗಲ್ಲ."

ಅಂದು ಗಂಟೆ ಇಳಿಸಿದ್ದ ಆ ಕೈಗಳು ಟೈ ಬಿಚ್ಚಿ ಜೇಬಿಗೆ ತುರುಕಿದವು. ನಾನು ಪೊರಕೆ ಕೆಳಗಿಟ್ಟೆ. ಕೆಲಸ ಇವತ್ತಲ್ಲ ನಾಳೆ ಸಿಕ್ಕೀತು. ಈ ಮನುಷ್ಯ ಹೀಗೇ ನೆಲಮಾಳಿಗೆಯಲ್ಲಿ ಕೂತುಬಿಟ್ಟರೆ ಅವನನ್ನು ಮತ್ತೆ ಎಲ್ಲಿಂದ ತರುವುದು?

ಅಂದು ಮಧ್ಯಾಹ್ನ ಕಟ್ಟಡದ ಹಿಂದಿನ ಅಂಗಳದಲ್ಲಿ ನಾವು ಹೆಂಗಸರೆಲ್ಲ ಚಳಿಗಾಲಕ್ಕೆಂದು ಕೆಂಪು ದಪ್ಪ ಮೆಣಸಿನಕಾಯಿ ಸುಟ್ಟು ಸಿಪ್ಪೆ ಸುಲಿಯುತ್ತಿದ್ದೆವು. ಝ್ಲಾತಾ ಅಜ್ಜಿ ಇದ್ದಳು, ಓಗಿಯ ಹೆಂಡತಿ ರುಮ್ಯಾನಾ ಇದ್ದಳು. ಅಂದು ರಜೆಯಲ್ಲಿದ್ದ ಮೂರನೇ ಮಹಡಿಯ ದಾರಿನಾಳನ್ನು ನಾನೇ ಕೈಹಿಡಿದು ಎಳೆದು ತಂದಿದ್ದೆ. ದಾರಿನಾ ಒಂದು ಬಟ್ಟೆ ಕಾರ್ಖಾನೆಯಲ್ಲಿ ಕೆಲಸಕ್ಕೆ ಜನರನ್ನು ಆರಿಸುವವಳು. ಓಗಿಗೆ ಕೊಟ್ಟ ಮಾತಿನಂತೆ ನಾನು ತುಟಿ ಬಿಚ್ಚಲಿಲ್ಲ. ಬಿಚ್ಚುವ ಅಗತ್ಯವೂ ಬೀಳಲಿಲ್ಲ.

"ನಮ್ಮನೆಯವರು ಕಲ್ಲಿದ್ದಲ ಕಿಂಡಿಯಿಂದ ಹೊರಗೆ ಹೋಗ್ತಾರೆ ದಾರಿನಾ," ಎಂದು ರುಮ್ಯಾನಾ ಒಮ್ಮೆಲೇ ಅತ್ತುಬಿಟ್ಟಳು. "ಪ್ಯಾಂಟಿನ ಮಸಿ ಒಗೆಯೋಳು ನಾನಲ್ವಾ, ಗೊತ್ತಾಗಲ್ವಾ? ಸರಿಯಾಗಿ ನಿದ್ದೆ ಇಲ್ಲ, ಊಟ ಸೇರಲ್ಲ. ನಾನೂ ಗೊತ್ತಿಲ್ಲದವಳ ಹಾಗೆ ಇದ್ದೀನಿ."

ಝ್ಲಾತಾ ಅಜ್ಜಿಯ ಕೈಯಲ್ಲಿದ್ದ ಮೆಣಸಿನಕಾಯಿ ಜಾರಿ ಬಿತ್ತು. "ನನ್ನ ಕೈಗುಣ ಹೋಯ್ತು," ಎಂದಳು. "ಅವನ ಅಪ್ಪನಿಗೆ ಸುರಿದೆ, ಕೆಲಸ ಆಯ್ತು. ಇವನಿಗೆ ಎಷ್ಟು ಸುರಿದ್ರೂ ಆಗ್ಲಿಲ್ಲ. ಯಾರದೋ ಕಣ್ಣು ಬಿದ್ದಿದೆ. ಅದಕ್ಕೇ ಹೇಳ್ತೀನಿ, ಹೊರಗೆ ಬಾಯಿ ಬಿಡಬಾರದು. ಬೇಡ ಅಂದ್ರು ಅನ್ನೋದನ್ನ ಆಡ್ತಾ ಹೋದ್ರೆ ಅದೇ ಬೆನ್ನು ಹತ್ತತ್ತೆ."

"ಅಜ್ಜೀ, ಈ ಬುಟ್ಟಿ ನೋಡಿ," ಎಂದಳು ದಾರಿನಾ. "ನನ್ನ ಹತ್ರ ಒಂದೇ ಕುರ್ಚಿ ಖಾಲಿ ಇರತ್ತೆ. ಬರೋರು ಈ ಬುಟ್ಟಿ ತುಂಬ. ನಾನು ಒಂದನ್ನ ಎತ್ಕೊಂಡೆ ಅಂದ್ರೆ ಉಳಿದಿದ್ದೆಲ್ಲ ಕೊಳೆತಿದೆ ಅಂತಲಾ?"

"ಹಾಗಲ್ಲ... ಆದ್ರೂ ಏನೋ ಕೊರತೆ ಇರಬೇಕಲ್ವಾ?"

"ಮೊನ್ನೆ ಒಬ್ಬಳನ್ನ ಬೇಡ ಅಂದೆ. ನಾನು ಆರಿಸಿದವಳಿಗಿಂತ ಅವಳ ಹೊಲಿಗೆ ಚೆನ್ನಾಗಿತ್ತು. ಆದ್ರೆ ಇನ್ನೊಬ್ಬಳು ಮಾರನೇ ದಿನವೇ ಬರ್ತೀನಿ ಅಂದ್ಲು. ಅಷ್ಟೇ ಕಾರಣ. ಅದನ್ನ ಅವಳಿಗೆ ಹೇಳೋಕೂ ನನಗೆ ಪುರುಸೊತ್ತಾಗ್ಲಿಲ್ಲ. ಪಾಪ, ಅವಳು ಮನೆಗೆ ಹೋಗಿ ತನ್ನಲ್ಲೇ ಏನೋ ಐಬಿದೆ ಅಂತ ಅತ್ತಿರ್ತಾಳೆ."

ನಾವು ಬೆರಗಾಗಿ ಕೂತೆವು. ಮೇಜಿನ ಆ ಬದಿಯಲ್ಲಿ ಕೂರುವವರ ಬಾಯಿಂದ ಇಂಥ ಮಾತನ್ನು ನಾವು ಯಾರೂ ಕೇಳಿರಲಿಲ್ಲ. ಬಾಗಿಲ ಹಿಂದೆ ಏನೋ ದೊಡ್ಡ ನ್ಯಾಯ ತೀರ್ಮಾನ ನಡೆಯುತ್ತದೆ ಎಂದುಕೊಂಡಿದ್ದೆವು. ಇಷ್ಟೇನಾ!

"ಇನ್ನೊಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಎಂದು ದಾರಿನಾ ನಮ್ಮ ಕಡೆಗೂ ತಿರುಗಿದಳು. "ಆಫೀಸಿನವರು ಅವನಿಗೆ ಒಂದ್ಸಲ ಬೇಡ ಅಂತಾರೆ. ನಾವು ಅದನ್ನ ಮಹಡಿಗೊಂದ್ಸಲ ಅವನ ಬಾಯಿಂದಲೇ ಹೇಳಿಸ್ತೀವಿ."

"ಕೇಳದೇ ಇರೋಕಾಗತ್ತಾ?" ನಾನು ರೇಗಿದೆ. "ನಾವೇನು ಕಲ್ಲಾ?"

"ಸಿಕ್ತಾ ಅಂತ ಕೇಳಬೇಡಿ ಕೀನಮ್ಮಾ. ಕೂತ್ಕೋ, ಸುಸ್ತಾಗಿದ್ದೀಯ ಅನ್ನಿ. ಅವನಾಗಿ ಹೇಳಿದಾಗ ಮಧ್ಯೆ ಬಾಯಿ ಹಾಕದೆ ಕೇಳಿ. ಒಂದು ದಿನ ಬೇಜಾರು ಮಾಡ್ಕೊಂಡ್ರೆ ಮಾಡ್ಕೊಳ್ಳಲಿ, ಅಳು ಬಂದ್ರೆ ಅಳಲಿ. ಮಾರನೇ ದಿನ ಆಫೀಸಿಗೆ ಫೋನ್ ಮಾಡಿ, ನಾನು ಯಾವುದರಲ್ಲಿ ಹಿಂದೆ ಬಿದ್ದೆ ಅಂತ ಕೇಳಲಿ. ಒಬ್ಬರಾದ್ರೂ ಹೇಳ್ತಾರೆ. ನಿದ್ದೆ ಹೀಗೇ ಬರದಿದ್ರೆ ಡಾಕ್ಟರಿಗೆ ತೋರಿಸಿ, ತಡ ಮಾಡಬೇಡಿ. ಉದ್ಯೋಗ ಕಚೇರಿಯಲ್ಲಿ ಪ್ರತಿ ಮಂಗಳವಾರ ಕೆಲಸ ಹುಡುಕೋರೆಲ್ಲ ಒಟ್ಟಿಗೆ ಕೂರ್ತಾರೆ. ಅಲ್ಲಿಗೆ ಕಳಿಸಿ."

"ನನ್ನ ಮಗನಿಗೇನು ಹುಚ್ಚಾ, ಹತ್ತು ಜನರ ಮುಂದೆ ಗೋಳು ಹೇಳೋಕೆ?" ಎಂದಳು ಅಜ್ಜಿ.

"ಹುಚ್ಚಲ್ಲ ಅಜ್ಜೀ, ಒಂಟಿ. ಬಾಗಿಲು ಬಿಟ್ಟು ಕಿಂಡಿಯಿಂದ ಹೋಗೋ ಅಷ್ಟು ಒಂಟಿ."

ಅಜ್ಜಿ ಬಿದ್ದಿದ್ದ ಮೆಣಸಿನಕಾಯಿ ಎತ್ತಿಕೊಂಡಳು. ಬಹಳ ಹೊತ್ತು ಸಿಪ್ಪೆ ಸುಲಿದಳು. ಆಮೇಲೆ ಸಣ್ಣ ದನಿಯಲ್ಲಿ, "ಹಾಗಾದ್ರೆ ನಾನು ನೀರು ಯಾತಕ್ಕೆ ಸುರೀಲಿ?" ಎಂದು ಕೇಳಿದಳು.

"ಅವನು ಧೈರ್ಯವಾಗಿ ಹೋಗಲಿ ಅಂತ. ನೀವು ಸುರಿದ ದಿನವೆಲ್ಲ ಅವನು ಹೋದ ತಾನೆ? ನಿಮ್ಮ ಕೈಗುಣಕ್ಕೆ ಏನೂ ಆಗಿಲ್ಲ. ಕೊಡೋದು ಬಿಡೋದು ಆಫೀಸಿನವರ ಕೈಯಲ್ಲಿರತ್ತೆ. ಅಷ್ಟು ದೂರ ಯಾರ ನೀರೂ ಹರಿಯಲ್ಲ."

ಅಂದು ಸಂಜೆ ಅಜ್ಜಿ ಮಗನೊಂದಿಗೆ ಏನು ಮಾತಾಡಿದಳೋ, ನನಗೆ ಕೇಳಿಸಲಿಲ್ಲ. ಕೇಳಿಸಿಕೊಳ್ಳಲು ಪ್ರಯತ್ನಿಸಲಿಲ್ಲ ಎಂದು ಮಾತ್ರ ಹೇಳಲಾರೆ. ಮಂಗಳವಾರ ಓಗಿ ಗೊಣಗುತ್ತಲೇ ಉದ್ಯೋಗ ಕಚೇರಿಗೆ ಹೋದ. ಬರುವಾಗ ಅವನ ಕಣ್ಣು ಅರಳಿತ್ತು. ನಾನು ಏನೂ ಕೇಳಲಿಲ್ಲ. ಅವನೇ ನಿಂತ.

"ಕೀನಮ್ಮಾ, ಅಲ್ಲಿ ಯಾರ್ಯಾರಿದ್ರು ಗೊತ್ತಾ? ಬ್ಯಾಂಕಿನ ಕೌಂಟರಲ್ಲಿ ಕೂರ್ತಿದ್ದಾಕೆ, ನನ್ನ ಮಗನಿಗೆ ಪಾಠ ಹೇಳಿದ ಮೇಷ್ಟ್ರು, ನನ್ನ ಬಂದರಿನವರೇ ಇಬ್ಬರು! ಎಲ್ಲರಿಗೂ ಬೇಡ ಅಂದಿದ್ದಾರೆ. ಎಲ್ಲರೂ ಮತ್ತೆ ಹೋಗ್ತಿದ್ದಾರೆ. ಈ ಊರಲ್ಲಿ ನಾನೊಬ್ಬನೇ ಅನ್ಕೊಂಡಿದ್ನಲ್ಲ!"

ಬುಧವಾರ ಅಜ್ಜಿ ನೀರು ಸುರಿದಳು. ಓಗಿ ಅದನ್ನು ದಾಟಿ, ಎಲ್ಲರ ಬಾಗಿಲ ಮುಂದಿನಿಂದಲೇ ಇಳಿದು ಹೋದ. ಬಾಗಿಲ ಸಂದಿಯಿಂದ ನೋಡಿದೆ. ಅವನ ಮುಖ ಬಿಳಿಚಿತ್ತು, ಕಾಲು ಮಾತ್ರ ನಿಲ್ಲಲಿಲ್ಲ. ಗಂಟೆ ಇಳಿಸಿದ್ದೇ ದೊಡ್ಡದು ಎಂದುಕೊಂಡಿದ್ದೆನಲ್ಲ! ಅಷ್ಟು ಸಲ ಬೇಡ ಎನಿಸಿಕೊಂಡವನು ಮತ್ತೆ ಮುಖ ತೊಳೆದು, ತಲೆ ಬಾಚಿ, ಇನ್ನೊಂದು ಬಾಗಿಲು ತಟ್ಟಲು ಹೊರಡುತ್ತಾನೆ. ಇದಕ್ಕೆ ಯಾವ ಕ್ರೇನಿನ ಬಲ ಸಾಕಾದೀತು?

ಸಂಜೆ ಹೊರಬಾಗಿಲು ಕಿರ್ರೆಂದಿತು. ನಾನು ಒಳಗೇ ನಿಂತು ಬಾಯಿಗೆ ಏಪ್ರನ್ ಒತ್ತಿಕೊಂಡೆ. ಒಂದು ಮಹಡಿಯಲ್ಲೂ ಬಾಗಿಲು ತೆರೆಯಲಿಲ್ಲ. ಎಲ್ಲರೂ ಬಾಗಿಲ ಹಿಂದೆಯೇ ಇದ್ದರೆಂದು ನಾನು ಆಣೆ ಮಾಡಿ ಹೇಳಬಲ್ಲೆ. ಅವನ ಹೆಜ್ಜೆ ಒಂದೇ ಸಮನೆ ಮೇಲೇರಿತು. ನಾಲ್ಕನೇ ಮಹಡಿಯಲ್ಲಿ ನಿಂತಿತು. ಆಮೇಲೆ ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಓಗಿಯ ದನಿ ಬಂತು.

"ಆಗ್ಲಿಲ್ಲ! ಎಲ್ಲರೂ ಕೇಳಿಸ್ಕೊಂಡ್ರಾ? ಆಗ್ಲಿಲ್ಲ! ಅಮ್ಮಾ, ಹೊಟ್ಟೆ ಹಸೀತಿದೆ."

"ಬೀನ್ಸ್ ಸಾರಿದೆ, ಕೈ ತೊಳ್ಕೋ," ಎಂದಳು ಅಜ್ಜಿ.

ಮೂರನೇ ಮಹಡಿಯಲ್ಲಿ ಯಾರೋ ನಕ್ಕರು. ಆಮೇಲೆ ಓಗಿಯೂ ನಕ್ಕ. ಅವನ ನಗು ಕೇಳಿ ಎಷ್ಟು ತಿಂಗಳಾಗಿತ್ತೋ. ನಾನು ಕೂತು ಚೆನ್ನಾಗಿ ಅತ್ತೆ.

ಮಾರನೇ ದಿನ ಅವನು ಆ ಕಾರ್ಖಾನೆಗೆ ಫೋನ್ ಮಾಡಿ ಕಾರಣ ಕೇಳಿದ. ಹೊಸ ಬಗೆಯ ಯಂತ್ರದ ತರಬೇತಿ ಇಲ್ಲ ಎಂದರು. ಮಂಗಳವಾರದ ಗುಂಪಿನವರು ಆ ತರಬೇತಿ ಎಲ್ಲಿ ಸಿಗುತ್ತದೆಂದು ಹುಡುಕಿಕೊಟ್ಟರು. ಈಗ ನೀವು ಕೇಳುತ್ತೀರಿ, ಕೊನೆಗೆ ಕೆಲಸ ಸಿಕ್ಕಿತೇ ಎಂದು. ನೋಡಿದಿರಾ, ನೀವೂ ನಮ್ಮ ಮೆಟ್ಟಿಲಿನವರೇ! ಸಿಕ್ಕಿತು, ವಸಂತ ಬರುವ ಹೊತ್ತಿಗೆ. ಆದರೆ ನನ್ನ ಲೆಕ್ಕದಲ್ಲಿ ಓಗಿ ಗೆದ್ದದ್ದು ಕೆಲಸ ಸಿಕ್ಕ ದಿನವಲ್ಲ, ಸಿಗದ ಆ ಬುಧವಾರ.

ಓದುವವರೇ, ಕೇಳುವವರೇ, ಕೆಲಸ ಹುಡುಕುತ್ತಿರುವವರು ನೀವೇ ಆಗಿದ್ದರೆ ಇದನ್ನು ನಂಬಿ: ಅವರು ಬೇಡ ಎಂದದ್ದು ಆ ದಿನದ ಆ ಒಂದು ಕುರ್ಚಿಗೆ, ನಿಮಗಲ್ಲ. ನಿಮ್ಮ ಸಂಕಟವನ್ನು ಒಬ್ಬರಿಗಾದರೂ ಹೇಳಿಕೊಳ್ಳಿ. ನಿಮ್ಮ ಹಾಗೆಯೇ ಹುಡುಕುತ್ತಿರುವವರ ಜೊತೆ ಸೇರಿ. ಮನಸ್ಸು ತೀರಾ ಕುಗ್ಗಿದರೆ ವೈದ್ಯರ ಬಳಿ ಹೋಗಲು ನಾಚಬೇಡಿ. ಹುಡುಕುತ್ತಿರುವವರು ನಿಮ್ಮ ಮನೆಯವರಾಗಿದ್ದರೆ, ಇವತ್ತು ಸಂಜೆ ಅವರು ಬಂದಾಗ ಮುಖ ನೋಡಿ ಉತ್ತರ ಹುಡುಕಬೇಡಿ. ಅವರು ಹೊತ್ತು ತರುವ ಸುದ್ದಿ ಎಂಥದ್ದೇ ಇರಲಿ, ಆ ಮನುಷ್ಯ ನಿಮ್ಮ ಮನೆಗೆ ಮುಂಬಾಗಿಲಿಂದ ಬರುವಂತೆ ನೋಡಿಕೊಳ್ಳಿ.