ಮೂಲೆಮನೆಯ ದೀಪ

ಮಾವ ಮಾತಾಡಿದರೆ ಮೂರು ಬೀದಿಗೆ ಕೇಳಬೇಕು. ಜೀವಮಾನವೆಲ್ಲ ಬಸ್ಸು ಓಡಿಸಿದವರು, ಇಂಜಿನ್ನಿನ ಸದ್ದನ್ನು ಮೀರಿಸಿ ಮಾತಾಡಿಯೇ ಅಭ್ಯಾಸ. ಆ ದಿನ ಬೆಳಿಗ್ಗೆ ಮಾತ್ರ ತಟ್ಟೆ ನೋಡಿಕೊಂಡು ಮೆಲ್ಲಗೆ, "ಶನಿವಾರ ಆಟಿಕೆ ಅಂಗಡಿಯವನು ಬರ್ತಾನೆ. ಹಿತ್ತಲಿನ ರೈಲು ತಗೊಂಡು ಹೋಗ್ತಾನೆ" ಎಂದರು.

ಸೊಸೆ ಎತ್ತಿದ ತುತ್ತನ್ನು ತಟ್ಟೆಗಿಟ್ಟಳು. "ಯಾಕೆ ಮಾವ?"

"ಇಟ್ಕೊಂಡು ಉಪ್ಪಿನಕಾಯಿ ಹಾಕ್ಲಾ?"

ಅವಳ ಗಂಡ ತುಟಿ ಪಿಟಕ್ಕೆನ್ನಲಿಲ್ಲ. ಇವನು ಅಪ್ಪನ ಮುಂದೆ ಬಾಯಿ ತೆರೆದದ್ದು ಹಲ್ಲು ಹುಟ್ಟಿದಾಗ ಒಂದೇ ಸಲ ಎಂದು ಅತ್ತೆ ತಮಾಷೆ ಮಾಡುತ್ತಿದ್ದರು. ಆ ಅತ್ತೆ ತೀರಿಕೊಂಡು ವರ್ಷ ತುಂಬುತ್ತ ಬಂದಿತ್ತು. ಅಂದಿನಿಂದ ಮಾವ ಹಿತ್ತಲಿಗೆ ಕಾಲಿಟ್ಟವರಲ್ಲ.

ಹಿತ್ತಲಲ್ಲಿ ಅತ್ತೆ ಮಾವ ಸೇರಿ ಕಟ್ಟಿದ ಒಂದು ಊರಿತ್ತು. ಮೊಣಕಾಲೆತ್ತರದ ಗುಡ್ಡ, ಅದರೊಳಗೊಂದು ಸುರಂಗ, ಅಂಗೈಯಗಲದ ಅಂಗಡಿಗಳು, ಸ್ಟೇಷನ್ನು, ಕತ್ತರಿಸಿ ಕತ್ತರಿಸಿ ಮರದ ಆಕಾರಕ್ಕೆ ತಂದ ಪುಟಾಣಿ ಗಿಡಗಳು, ಇವುಗಳ ನಡುವೆ ಸುತ್ತುವ ಹಳಿ. ಹಳಿ, ಗಾಡಿ ಮಾವನದು. ಮನೆ, ಮರ, ದೀಪ ಅತ್ತೆಯದು. ಮುಸ್ಸಂಜೆಯಾದರೆ ಇಬ್ಬರೂ ಅಲ್ಲೇ. ಆ ಹೊತ್ತಿಗೆ ಸೊಸೆ ಕೆಲಸದಿಂದ ಬಂದಿರುತ್ತಿರಲಿಲ್ಲ, ಗಂಡನದು ಸಂಜೆ ಪಾಳಿ. ಹಾಗಾಗಿ ಮುದುಕ ಮುದುಕಿಯ ಆಟವನ್ನು ಇವರಿಬ್ಬರೂ ಕಂಡವರಲ್ಲ.

ಈಗ ಮಳೆಗೆ ಗುಡ್ಡ ಬಾಯಿ ಬಿಟ್ಟಿತ್ತು. ಮನೆಗಳ ಗೋಡೆ ಕೊಳೆತಿತ್ತು, ಒಂದು ದೀಪವೂ ಹೊತ್ತುತ್ತಿರಲಿಲ್ಲ. ಇದೊಂದು ಹೋದರೆ ಮಾವ ಮೂಲೆ ಹಿಡಿಯುತ್ತಾರೆ, ಮತ್ತೆ ಏಳುವುದಿಲ್ಲ ಎಂದು ಸೊಸೆಗೆ ಹೆದರಿಕೆ. ಅವಳಿಗೆ ಮಾವನೆಂದರೆ ಪ್ರಾಣ, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ. ಊರಿಗೆ ದೀಪ ಬಂದರೆ ಮನಸ್ಸು ಬದಲಿಸಿಯಾರು ಎಂದುಕೊಂಡು ಸೆರಗು ಬಿಗಿದಳು.

ಅವಳದು ಕಟ್ಟುಹಲ್ಲು ಮಾಡುವ ಕೆಲಸ. ಪ್ಲಾಸ್ಟರು ಕಲಸುವುದು, ಅಕ್ಕಿಕಾಳಿನಷ್ಟರ ಮೇಲೆ ಬಣ್ಣ ತೀಡುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ಹಲ್ಲಿನ ಅಚ್ಚಿಗೆ ಹಾಕುವ ಗಟ್ಟಿ ಪ್ಲಾಸ್ಟರಿನಿಂದಲೇ ಗುಡ್ಡ ಮುಚ್ಚಿ, ನೀರು ಇಳಿಯದಂತೆ ವಾರ್ನಿಶ್ ಬಳಿದಳು. ಮನೆಗಳಿಗೆ ತೆಳ್ಳನೆಯ ಪ್ಲಾಸ್ಟಿಕ್ಕಿನ ಹೊಸ ಗೋಡೆ ನಿಲ್ಲಿಸಿದಳು. ಮೊದಲ ಸಲ ದೀಪ ಹಾಕಿದಾಗ ಮಾತ್ರ ಅಯ್ಯೋ ಎನ್ನಿಸಿತು. ಕಿಟಕಿಯಿಂದ ಬರಬೇಕಾದ ಬೆಳಕು ಗೋಡೆಯಿಂದಲೇ ಸೋರಿ, ಮನೆಗಳೆಲ್ಲ ಮಿಠಾಯಿಯ ಹಾಗೆ ಹೊಳೆಯುತ್ತಿದ್ದವು. ಮತ್ತೆ ಎಲ್ಲ ಬಿಚ್ಚಿ ಗೋಡೆಗಳ ಒಳಮೈಗೆ ಕಪ್ಪು ಬಳಿದಳು. ಬಿಳಿ ದೀಪ ಕಿತ್ತು ಹಳದಿ ಹಾಕಿದಳು. ಆಗ ಕಿಟಕಿಗಳಷ್ಟೇ ಬೆಳಗಿದವು, ಒಳಗೆ ಯಾರೋ ಇದ್ದಾರೆ ಎನ್ನಿಸಿತು.

ತಂತಿಗಳಂತೂ ಬರೀ ಗೋಜಲು. ಎಲ್ಲವನ್ನೂ ಒಂದೇ ಸ್ವಿಚ್ಚಿಗೆ ಸೇರಿಸಿದಳು. ನೀಲಿ ಬಾಗಿಲಿನ ಮೂಲೆಮನೆಯ ತಂತಿ ಮಾತ್ರ ಉಳಿದವನ್ನೆಲ್ಲ ಬಿಟ್ಟು, ಮಣ್ಣೊಳಗೆ, ಹಿತ್ತಲಂಚಿನಲ್ಲಿ ಕೂರಲು ಹಾಕಿದ್ದ ಕಲ್ಲುಬೆಂಚಿನ ಕಡೆ ಹೊರಟಿತ್ತು. "ನೀನೊಬ್ಬ ಯಾಕಪ್ಪ ಊರು ಬಿಟ್ಟು ಹೊರಟೆ?" ಎಂದು ಅದನ್ನು ಕಚಕ್ಕನೆ ಕತ್ತರಿಸಿ, ಆ ಮನೆಯನ್ನೂ ಊರಿನ ಜೊತೆ ಸೇರಿಸಿಬಿಟ್ಟಳು.

ಶುಕ್ರವಾರ ಕೆಲಸದಿಂದ ಬೇಗ ಬಂದು, ಮುಸ್ಸಂಜೆ ಮಾವನ ಕೈ ಹಿಡಿದು ಹಿತ್ತಲಿಗೆ ಎಳೆತಂದಳು. "ಏನಮ್ಮ ನಿನ್ನ ಕಾಟ" ಎಂದು ಗೊಣಗುತ್ತಲೇ ಬಂದರು. ಅವಳು ಸ್ವಿಚ್ಚು ಒತ್ತಿದಳು. ಊರಿಗೆ ಊರೇ ಬೆಳಗಿತು.

ಮಾವ ಮಂಡಿಯೂರಿ ಕೂತರು. "ಎಲಾ ಇವಳಾ! ಹಲ್ಲು ಕಟ್ಟೋ ಕೈಲಿ ಗುಡ್ಡ ಕಟ್ಟಿದ್ಯಾ?" ಎಂದರು. ಅವಳಿಗೆ ಹಿಗ್ಗೋ ಹಿಗ್ಗು. ಅಷ್ಟರಲ್ಲಿ ಅವರ ಕಣ್ಣು ಮೂಲೆಮನೆಗೆ ಹೋಯಿತು. ಮುಖ ಕಪ್ಪಿಟ್ಟಿತು.

"ಆ ಮನೆ ದೀಪ ಯಾಕೆ ಹೊತ್ತಿದೆ?"

"ಎಲ್ಲಾ ಮನೇದೂ ಹಾಕಿದೀನಲ್ಲ ಮಾವ."

"ರೈಲು ಇನ್ನೂ ಬಂದಿಲ್ವಲ್ಲೇ! ನಾನು ಬಂದಿಲ್ವಲ್ಲೇ!"

ಈ ಸಲ ಮೂರು ಬೀದಿಗೂ ಕೇಳಿಸಿತು. ಆಮೇಲೆ ದನಿ ಇಳಿಯಿತು.

"ನಾನು ಬಸ್ಸು ಓಡಿಸ್ತಿದ್ದಾಗ ನಿಮ್ಮತ್ತೆ ದೀಪ ಹಚ್ತಿರಲಿಲ್ಲ. ಕತ್ತಲಲ್ಲೇ ಮೆಟ್ಟಿಲ ಮೇಲೆ ಕೂರೋಳು. ಯಾಕೇ ಅಂತ ಕೇಳಿದ್ರೆ, ದೀಪದ ಕೆಳಗೆ ಕೂತ್ರೆ ದೂರದ್ದು ಕಾಣಲ್ಲ, ಕತ್ತಲಲ್ಲಿ ಕೂತ್ರೆ ನಿಮ್ಮ ಬಸ್ಸಿನ ಬೆಳಕು ತಿರುವಲ್ಲೇ ಕಾಣತ್ತೆ ಅನ್ನೋಳು. ನಾನು ಬಂದ್ಮೇಲೇ ದೀಪ. ಆ ನೀಲಿ ಬಾಗಿಲಿಂದು ನಮ್ಮನೆ ಕಣಮ್ಮ. ನಾನು ರೈಲು ತಂದು ನಿಲ್ಲಿಸಬೇಕು, ಅವಳು ಬೆಂಚಿನ ಮೇಲೆ ಕೂತು ಹಚ್ಚಬೇಕು. ಈಗ ಯಾರೂ ಕಾಯದ ಮನೆಗೆ ರೈಲು ಓಡಿಸಿ ಏನು ಮಾಡ್ಲಿ? ಕೊಟ್ಬಿಡ್ತೀನಿ."

ಅವರು ಒಳಗೆ ಹೋದರು. ಸೊಸೆಗೆ ಬೆಂಚಿನ ಕಡೆ ಹೊರಟಿದ್ದ ತಂತಿ ನೆನಪಾಯಿತು. ಆ ತಂತಿಯನ್ನು ಕೈಯಾರೆ ಕತ್ತರಿಸಿದ್ದಳಲ್ಲ!

ಶನಿವಾರ ಕೆಲಸಕ್ಕೆ ಚಕ್ಕರ್ ಹಾಕಿ ಮಣ್ಣು ಅಗೆದಳು. ತಂತಿಯ ಜಾಡು ಹಿಡಿದು ಹೋದರೆ ಕಲ್ಲುಬೆಂಚಿನ ಅಂಚಿನಡಿ ಒಂದು ಪುಟ್ಟ ಗುಂಡಿ ಸ್ವಿಚ್ಚು ಸಿಕ್ಕಿತು. ತುಕ್ಕು ಹಿಡಿದಿತ್ತು, ಆದರೆ ಹೆಬ್ಬೆರಳು ತಾಗುವ ಕಡೆ ಸವೆದು ನುಣ್ಣಗಾಗಿತ್ತು. ಅದನ್ನು ಮುಟ್ಟಿ ಸೊಸೆ ಕೂತಲ್ಲೇ ಅತ್ತಳು. ಅತ್ತು, ಮೂಗೊರೆಸಿಕೊಂಡು, ಹಲ್ಲುಜ್ಜುವ ಬ್ರಷ್ಷಿನಿಂದ ತುಕ್ಕು ಉಜ್ಜಿ, ಮೂಲೆಮನೆಯನ್ನು ಊರಿನ ಸ್ವಿಚ್ಚಿನಿಂದ ಬಿಡಿಸಿ ಹಳೆಯ ತಂತಿಗೇ ಬೆಸೆದಳು.

ಅಂಗಡಿಯವನು ಸಂಜೆಗೆ ರಟ್ಟಿನ ಡಬ್ಬಗಳ ಸಮೇತ ಬಂದ. ಸೊಸೆ, "ಕೊಡೋಕೆ ಮುಂಚೆ ಒಂದು ಸುತ್ತು ಓಡಿಸಿ ತೋರಿಸಿಬಿಡಿ ಮಾವ. ಕೆಟ್ಟ ಗಾಡಿ ದಾಟಿಸಿದ್ರು ಅನ್ನೋ ಮಾತು ಯಾಕೆ?" ಎಂದಳು.

"ನನ್ನ ಗಾಡಿ ಕೆಟ್ಟಿದ್ಯಾ? ಯಾವನಂದೋನು?" ಮಾವ ರೈಲು ಓಡಿಸುವ ಪೆಟ್ಟಿಗೆಯನ್ನು ಕೈಗೆತ್ತಿಕೊಂಡೇಬಿಟ್ಟರು.

ಊರೆಲ್ಲ ಬೆಳಗಿತ್ತು, ಮೂಲೆಮನೆ ಮಾತ್ರ ಕತ್ತಲು. ಮಾವ ಅದನ್ನು ನೋಡಿದರು. ಬೆಂಚಿನ ಕಡೆ ನೋಡಿದರು. ಅಲ್ಲಿ ಸೊಸೆ ಕೂತಿದ್ದಳು. ಮಾವ ರೈಲು ಹೊರಡಿಸಿದರು. ಗಾಡಿ ಗುಡ್ಡ ಹೊಕ್ಕು, ಹೊರಬಂದು, ತಿರುವು ದಾಟಿ ಸ್ಟೇಷನ್ನಿನಲ್ಲಿ ನಿಂತಿತು. ಸೊಸೆ ಗುಂಡಿ ಒತ್ತಿದಳು. ನೀಲಿ ಬಾಗಿಲಿನ ಪಕ್ಕದ ಕಿಟಕಿ ಬೆಳಗಿತು.

ಮಾವ ಪೆಟ್ಟಿಗೆ ಕೆಳಗಿಡದೆ ಆ ಕಿಟಕಿಯನ್ನೇ ನೋಡುತ್ತಿದ್ದರು. ಅಂಗಡಿಯವನು ಗಂಟಲು ಸರಿಮಾಡಿಕೊಂಡು ಸ್ಟೇಷನ್ನಿನ ಚಾವಣಿಗೆ ಕೈ ಹಾಕಿದ.

"ಕೈ ತೆಗಿಯಪ್ಪ. ಪ್ಯಾಸೆಂಜರು ಇಳೀತಿದ್ದಾರೆ" ಎಂದರು ಮಾವ. ಆಮೇಲೆ ಸೊಸೆಯ ಕಡೆ ತಿರುಗಿದರು. ಕಣ್ಣು ಒದ್ದೆಯಾಗಿತ್ತು, ದನಿಯಲ್ಲಿ ಮಾತ್ರ ಹಳೆಯ ಜೋರು. "ನಿಂತ ಕೂಡ್ಲೇ ಹಚ್ಚಿಬಿಟ್ಟೆಯಲ್ಲೇ! ಡ್ರೈವರು ಎಲ್ಲರನ್ನೂ ಇಳಿಸಿ ಕೊನೇಲಿ ಇಳಿಯೋನು. ನಿಮ್ಮತ್ತೆ ಅಲ್ಲೀವರೆಗೂ ಕಾಯೋಳು. ಆರಿಸು ಅದನ್ನ. ನಾನು ಇನ್ನೊಂದ್ ಸಲ ಬರ್ತೀನಿ."

ಸೊಸೆ ದೀಪ ಆರಿಸಿದಳು. ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟುಕೊಂಡು, ತಿರುವಿನ ಕಡೆ ನೋಡುತ್ತ ಕೂತಳು.