ಬಾತು ಚೆನ್ನಾಗಿಯೇ ಇತ್ತು

ಹಿತ್ತಲಲ್ಲಿ ನಾಲ್ಕಾರು ಕೋಳಿ ಸಾಕಿಕೊಂಡವರಿಗೆ ಈ ಆಸೆ ಒಮ್ಮೆಯಾದರೂ ಬಂದೇ ಬರುತ್ತದೆ. ಹೇಗೂ ಗೂಡು ಇದೆ, ಹೇಗೂ ದಿನಾ ಕಾಳು ಹಾಕುತ್ತೇವೆ, ಜೊತೆಗೆ ಒಂದೆರಡು ಬಾತುಕೋಳಿ ಇದ್ದರೆ ಯಾರಿಗೆ ಭಾರ? ಬೀದಿಯ ಕೊನೆಯ ಮನೆಯ ವೆಲ್ಡರ್‌ಗೂ ಹಾಗೇ ಅನ್ನಿಸಿತು. ಸಂತೆಯಲ್ಲಿ ಅವನ ಮಗಳು ಬಾತಿನ ಬುಟ್ಟಿಯ ಮುಂದೆ ಕೂತವಳು ಎಷ್ಟು ಕರೆದರೂ ಏಳಲಿಲ್ಲ. ಕೊನೆಗೆ ಬುಟ್ಟಿಯ ಸಮೇತ ಮನೆಗೆ ಬಂದರು.

ಬೇರೆ ಗೂಡು ಮಾಡುವ ಮಾತು ಅವನ ತಲೆಗೇ ಬರಲಿಲ್ಲ. ಇದ್ದ ಗೂಡು ಅವನದೇ ಕೈಯ ಕೆಲಸ. ಕಿಟಕಿಯ ಗ್ರಿಲ್ಲುಗಳಲ್ಲಿ ಮಿಕ್ಕ ಸರಳುಗಳನ್ನು ಕೂಡಿಸಿ ಬೆಸುಗೆ ಹಾಕಿದ್ದು. ಮನೆ ಅಲ್ಲಾಡಿದರೂ ಅದು ಅಲ್ಲಾಡದು. ಬಾತುಗಳನ್ನು ಕೋಳಿಗಳ ಜೊತೆಗೇ ಅದರೊಳಗೆ ಬಿಟ್ಟ. ಹಗಲಲ್ಲಿ ಬಾತುಗಳು ಹಿತ್ತಲ ಹಿಂದಿನ ಹೊಂಡಕ್ಕೆ ಹೋಗುತ್ತಿದ್ದವು. ಚಳಿ ಶುರುವಾದರೆ ಎಲ್ಲೆಲ್ಲಿಂದಲೋ ಕಾಡುಹಕ್ಕಿಗಳು ಆ ಹೊಂಡಕ್ಕೆ ಬಂದಿಳಿಯುತ್ತಿದ್ದವು. ಸಂಜೆ ಬಾತುಗಳು ಒದ್ದೆ ಮೈಯಲ್ಲೇ ತಿರುಗಿ ಬಂದು, ಕೋಳಿಗಳ ನೀರಿನ ಟಬ್ಬಿನಲ್ಲಿ ಕೊಕ್ಕು ಅದ್ದಿ ಕಲಕುತ್ತಿದ್ದವು.

ಪಕ್ಕದ ಮನೆ ವೆಲ್ಡರ್‌ನ ಸ್ವಂತ ಅಕ್ಕನದು. ಗಂಡ ತೀರಿಕೊಂಡ ಮೇಲೆ ಅವಳು ಮೊಟ್ಟೆಕೋಳಿ ಸಾಕಿಯೇ ಬದುಕು ಕಟ್ಟಿಕೊಂಡಿದ್ದಳು. ಪೇಟೆಯ ಬೇಕರಿಗೆ ಹೋಗುತ್ತಿದ್ದುದು ಅವಳ ಮೊಟ್ಟೆಗಳೇ. ಬೀದಿಯವರ ಬಾಯಲ್ಲೆಲ್ಲ ಅವಳು ಮೊಟ್ಟೆಯಕ್ಕ. ಪಶು ಆಸ್ಪತ್ರೆಯಲ್ಲಿ ತರಬೇತಿ ಇಟ್ಟಾಗ ತಪ್ಪದೆ ಹೋಗಿ ಕೂತು ಕಲಿತವಳು. ಗೂಡಿಗೆ ಹೋಗಲು ಅವಳಿಗೆ ಬೇರೆ ಚಪ್ಪಲಿ, ಹೊರಗೆ ಬಂದರೆ ಸೋಪು ಹಾಕಿ ಕೈ ತೊಳೆಯಲೇಬೇಕು. ತಮ್ಮ ಅದನ್ನು ನೋಡಿ, "ಅಕ್ಕನ ಆಪರೇಷನ್ ಥಿಯೇಟರ್" ಎಂದು ನಗುತ್ತಿದ್ದ.

ಬಾತು ಬಂದ ಸುದ್ದಿ ತಿಳಿದು ಅವಳು ಬೇಲಿಯ ಹತ್ತಿರ ಬಂದು ನಿಂತಳು. ಬೇಲಿ ಅನ್ನುವುದು ಹೆಸರಿಗೆ. ಕೋಳಿ, ಬಾತು ಎರಡೂ ಆರಾಮಾಗಿ ನುಸುಳುವಷ್ಟು ಕಂಡಿಗಳಿದ್ದವು.

"ಎರಡನ್ನೂ ಒಂದೇ ಗೂಡಲ್ಲಿ ಹಾಕ್ಬೇಡ ಕಣೋ."

"ಯಾಕಕ್ಕ? ಹೆಸರಲ್ಲೇ ಕೋಳಿ ಇದೆ, ಬಾತುಕೋಳಿ. ಎರಡೂ ದಾಯಾದಿಗಳು."

"ದಾಯಾದಿಗಳು ಅಂತಲೇ ಹೇಳ್ತಿರೋದು, ಬೇರೆ ಮನೆ ಮಾಡಿಕೊಡು."

ಒಳಗಿದ್ದ ಅವನ ಹೆಂಡತಿ ನಕ್ಕುಬಿಟ್ಟಳು. ಅಕ್ಕ ನಗಲಿಲ್ಲ.

"ತಮಾಷೆಗೆ ಹೇಳ್ತಿಲ್ಲ. ಬಾತು ಆ ಹೊಂಡದಲ್ಲಿ ಕಾಡುಹಕ್ಕಿ ಜೊತೆ ಈಜಿ ರೋಗ ಹೊತ್ಕೊಂಡು ಬರಬಹುದು. ಬೇರೆ ಗೂಡು ಆಗಲ್ಲ ಅಂದ್ರೆ ಈ ಬೇಲಿಗಾದ್ರೂ ಒಂದು ಜಾಲರಿ ಹೊಡಿ. ನನ್ನ ಅನ್ನ ಇರೋದೇ ಈ ಕೋಳಿಗಳಲ್ಲಿ."

"ಆಯ್ತಕ್ಕ. ಕೈಲಿರೋ ಗೇಟಿನ ಕೆಲಸ ಒಂದು ಮುಗೀಲಿ."

ಒಂದು ಗೇಟು ಮುಗಿದರೆ ಇನ್ನೊಂದು ಬಂತು. ಊರವರ ಮನೆಗೆಲ್ಲ ಅವನು ಗೇಟು, ಗ್ರಿಲ್ಲು ಮಾಡಿಕೊಟ್ಟ. ಅಕ್ಕನ ಬೇಲಿಗೆ ಮಾತ್ರ ಬಿಡುವಾಗಲಿಲ್ಲ.

ಗೂಡಿನ ನೆಲ ಒಣಗುವುದೇ ನಿಂತಿತು. ಬಾತುಗಳು ನೀರು ಚೆಲ್ಲಾಡುತ್ತಿದ್ದವು, ಕೋಳಿಗಳು ಆ ಕೆಸರಲ್ಲೇ ನಿಂತು ಕಾಳು ಹೆಕ್ಕುತ್ತಿದ್ದವು. ಮೊಟ್ಟೆ ಕಡಿಮೆಯಾದದ್ದನ್ನು ಹೆಂಡತಿ ಮೊದಲು ಗಮನಿಸಿದಳು. ಲಸಿಕೆ ಹಾಕಲು ಅಕ್ಕನ ಮನೆಗೆ ಪಶುವೈದ್ಯೆ ಬಂದಿದ್ದರು. ಹೆಂಡತಿ ಅವರನ್ನು ತಮ್ಮ ಹಿತ್ತಲಿಗೂ ಕರೆತಂದಳು. ಡಾಕ್ಟರಮ್ಮ ಗೂಡನ್ನು ನೋಡಿದವರೇ ವೆಲ್ಡರ್‌ನ ಕಡೆ ತಿರುಗಿದರು.

"ಮೊದಲು ಬಾತುಗಳನ್ನ ಬೇರೆ ಮಾಡಿ. ಕಾಳು, ನೀರು, ಗೂಡು, ಎಲ್ಲ ಬೇರೆ ಇರಲಿ. ಹೊಂಡಕ್ಕೆ ಬಿಡೋದು ನಿಲ್ಲಿಸಿ."

"ಬಾತುಗಳನ್ನ ನೋಡಿ ಮೇಡಂ, ಗುಂಡುಕಲ್ಲಿನ ಹಾಗಿವೆ. ರೋಗ ಇದ್ದಿದ್ರೆ ಹಿಂಗಿರ್ತಿದ್ವಾ?"

"ಇರ್ತವೆ. ಅದೇ ಕಷ್ಟ. ಹಕ್ಕಿಜ್ವರ ಮೈಯಲ್ಲಿದ್ರೂ ಎಷ್ಟೋ ಸಲ ಬಾತು ಚೆನ್ನಾಗೇ ಓಡಾಡ್ಕೊಂಡಿರುತ್ತೆ. ಹಿಕ್ಕೆಯಲ್ಲಿ, ನೀರಲ್ಲಿ ರೋಗ ಬಿಡ್ತಾ ಹೋಗುತ್ತೆ. ಕೋಳಿಗೆ ತಗುಲಿದ್ರೆ ಉಳಿಯಲ್ಲ."

"ನೋಡೋಣ ಮೇಡಂ," ಎಂದ. ಅವರು ಹೋದ ಮೇಲೆ ಹೆಂಡತಿಗೆ, "ಡಾಕ್ಟರುಗಳು ಹೆದರಿಸೋಕೇ ಇರೋದು ಕಣೇ," ಎಂದ. ಅವಳು ಮತ್ತೆ ಒತ್ತಾಯಿಸಲಿಲ್ಲ.

ಒಂದು ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ಒಂದು ಕೋಳಿಯೂ ಹೊರಗೆ ಬರಲಿಲ್ಲ. ಕೆಲವು ಸತ್ತು ಬಿದ್ದಿದ್ದವು. ಉಳಿದವು ತಲೆ ಇಳಿಬಿಟ್ಟು ಕೂತಿದ್ದವು; ಜುಟ್ಟು ಊದಿಕೊಂಡು ಕಪ್ಪುನೀಲಿಗೆ ತಿರುಗಿತ್ತು. ಅವುಗಳನ್ನು ದಾಟಿಕೊಂಡು ಬಾತುಗಳು ಎಂದಿನಂತೆ ಹೊಂಡದ ದಾರಿ ಹಿಡಿದವು. ಮಗಳು ತನ್ನ ಕಂದು ಕೋಳಿಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು. ಅದು ಅಲ್ಲೇ ಸತ್ತಿತು.

"ರೀ, ಡಾಕ್ಟರಮ್ಮಂಗೆ ಫೋನ್ ಮಾಡೋಣ," ಎಂದಳು ಹೆಂಡತಿ.

"ಸುಮ್ನಿರು. ಅವರು ಬಂದ್ರೆ ಬೀದಿಯ ಕೋಳಿಯನ್ನೆಲ್ಲ ಕೊಲ್ತಾರೆ. ಊರೆಲ್ಲ ನಮಗೇ ಉಗಿಯುತ್ತೆ."

"ಅತ್ತಿಗೆಗಾದ್ರೂ ಹೇಳೋಣ."

"ಅವಳಿಗೆ ಹೇಳಿದ್ರೂ ಒಂದೇ, ಫೋನ್ ಮಾಡಿದ್ರೂ ಒಂದೇ."

ಸತ್ತ ಕೋಳಿಗಳನ್ನು ಚೀಲಕ್ಕೆ ತುಂಬಿ ಹೊಂಡಕ್ಕೆ ಎಸೆದು ಬಂದ. ಹೆಂಡತಿ ಗೂಡು ತೊಳೆದಳು. ಆ ನೀರು ಬೇಲಿಯ ಕೆಳಗೆ ಹರಿದು ಅಕ್ಕನ ಹಿತ್ತಲಿಗೆ ಹೋಯಿತು. ಹೆಂಡತಿ ಅದನ್ನು ನೋಡಿದಳು. ನೋಡಿಯೂ ಬಾಯಿ ಬಿಡಲಿಲ್ಲ.

ಆ ವಾರ ಮುಗಿಯುವುದರೊಳಗೆ ಅಕ್ಕ ಬೇಲಿಯ ಹತ್ತಿರ ಬಂದಳು. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡಿದ್ದಳು.

"ನನ್ನವು ಎರಡು ಹೋಗಿವೆ," ಎಂದಳು. ಆಮೇಲೆ ಅವರ ಗೂಡಿನ ಕಡೆ ನೋಡಿದಳು. "ನಿಮ್ಮ ಕೋಳಿ ಎಲ್ಲಿ?"

ವೆಲ್ಡರ್‌ನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಗಳೇ ಹೇಳಿದಳು, "ಎಲ್ಲ ಸತ್ತೋದ್ವು ಅತ್ತೆ. ಅಪ್ಪ ಹೊಂಡಕ್ಕೆ ಹಾಕಿದ್ರು."

ಅಕ್ಕ ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ವೆಲ್ಡರ್ ಅಂಗಡಿಯಿಂದ ಓಡಿ ಬಂದ.

"ಅಕ್ಕ, ಫೋನ್ ಮಾಡ್ಬೇಡ. ಉಳಿದಿರೋವನ್ನ ಇವತ್ತೇ ಮಾರಿಬಿಡು. ಯಾರಿಗೂ ಗೊತ್ತಾಗಲ್ಲ."

"ಯಾರ ಮನೆಗೆ ಮಾರಲಿ? ಮಗು ಇರೋ ಮನೆಗೋ, ಮುದುಕರಿರೋ ಮನೆಗೋ?"

"ಫೋನ್ ಮಾಡಿದ್ರೆ ನಿನ್ನವೂ ಒಂದೂ ಉಳಿಯಲ್ಲ."

"ಗೊತ್ತು," ಎಂದಳು. "ಮಾಡಿ ಆಯ್ತು."

ಮಾದರಿಗಳು ಲ್ಯಾಬಿಗೆ ಹೋದವು. ಹಕ್ಕಿಜ್ವರವೇ ಎಂದು ವರದಿ ಬಂತು. ಮೈತುಂಬ ಬಿಳಿ ಅಂಗಿ, ಮಾಸ್ಕು, ಕೈಗವಸು ಹಾಕಿಕೊಂಡವರು ಬೀದಿಗೆ ಇಳಿದರು. ರೋಗ ಬಂದ ಕೋಳಿ, ಬರದ ಕೋಳಿ ಎಂಬ ಭೇದವಿರಲಿಲ್ಲ. ಸುತ್ತಮುತ್ತಲ ಮನೆಗಳ ಹಕ್ಕಿಗಳನ್ನೆಲ್ಲ ಕೊಂದು, ಆಳದ ಗುಂಡಿಗೆ ಹಾಕಿ ಸುಣ್ಣ ಸುರಿಯಬೇಕಿತ್ತು. ಅಕ್ಕನ ಕೋಳಿಗಳು ಹೊಸಬರನ್ನು ಕಂಡು ಗೂಡಿನ ತುಂಬ ಹಾರಾಡತೊಡಗಿದವು.

"ಅವು ಹೆದರ್ಕೊಂಡಿವೆ. ನಾನೇ ಹಿಡಿದು ಕೊಡ್ತೀನಿ," ಎಂದಳು ಅಕ್ಕ.

ಡಾಕ್ಟರಮ್ಮ ಬೇಡವೆಂದರು. ಅವಳು ಕೇಳಲಿಲ್ಲ. ಕೊನೆಗೆ ಅವಳಿಗೂ ಕೈಗವಸು, ಮಾಸ್ಕು ಕೊಟ್ಟರು. ಅವಳು ದಿನವೂ ಕರೆಯುವ ಹಾಗೆಯೇ ಕರೆದಳು. ಕೋಳಿಗಳು ಕಾಳೆಂದುಕೊಂಡು ಅವಳ ಕಾಲಬುಡಕ್ಕೆ ಬಂದವು. ಒಂದೊಂದನ್ನೇ ಎತ್ತಿ, ರೆಕ್ಕೆ ಸವರಿ, ಕೊಟ್ಟಳು. ಬೇಲಿಯ ಈಚೆ ವೆಲ್ಡರ್ ಕಣ್ಣು ತೆಗೆಯದೆ ನೋಡುತ್ತಾ ನಿಂತಿದ್ದ. ಕೊನೆಗೆ ಬಾತುಗಳ ಸರದಿ ಬಂತು. ಅವು ಆಗಲೂ ಗಟ್ಟಿಮುಟ್ಟಾಗಿದ್ದವು.

ಅದೇ ದಿನ ಮಗಳಿಗೆ ಜ್ವರ ಏರಿತು. ಸತ್ತ ಕೋಳಿಯನ್ನು ಮಡಿಲಲ್ಲಿಟ್ಟುಕೊಂಡಿದ್ದಳು ಎಂದು ತಿಳಿದದ್ದೇ ಆಸ್ಪತ್ರೆಯಲ್ಲಿ ಅವಳನ್ನು ಬೇರೆ ಕೋಣೆಯಲ್ಲಿಟ್ಟರು. ಗಂಟಲಿನ ಪರೀಕ್ಷೆಯ ಫಲಿತಾಂಶ ಬರುವವರೆಗೆ ಗಂಡ ಹೆಂಡತಿ ಗಾಜಿನ ಆಚೆ ನಿಂತೇ ಇದ್ದರು. ಹೆಂಡತಿ ಒಮ್ಮೆ ಮಾತ್ರ ಮಾತಾಡಿದಳು.

"ನೀವು ಬೇಡ ಅಂದ್ರಿ. ನಾನು ಯಾಕೆ ಸುಮ್ಮನಾದೆ?"

ಮಗುವಿಗೆ ಬಂದದ್ದು ಬೇರೆ ಜ್ವರವೆಂದು ಗೊತ್ತಾಯಿತು. ಉಳಿದುಕೊಂಡಳು. ಆದರೆ ಮನೆಗೆ ಬಂದವಳು ಹಿತ್ತಲ ಬಾಗಿಲ ಕಡೆ ಹೋಗಲೇ ಇಲ್ಲ.

ಬೀದಿಯಲ್ಲಿ ಕೋಳಿ ಕೂಗುವುದು ನಿಂತುಹೋಯಿತು. ಬೇಕರಿಯವರು ಬೇರೆ ಕಡೆಯಿಂದ ಮೊಟ್ಟೆ ತರಿಸಿಕೊಂಡರು; ಅವರನ್ನು ದೂರುವಂತಿಲ್ಲ. ಅಕ್ಕ ಅದೇ ಬೇಕರಿಯಲ್ಲಿ ತಟ್ಟೆ, ಟ್ರೇ ತೊಳೆಯುವ ಕೆಲಸಕ್ಕೆ ಸೇರಿದಳು. ಮುಂಜಾನೆ ಹೋದರೆ ಸಂಜೆ ಬಂದು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಒಂದು ದಿನ ತಮ್ಮ ಅವಳ ಹೊಸಿಲಲ್ಲಿ ಹೋಗಿ ಕೂತ.

"ಅಕ್ಕ, ಬೈದಾದ್ರೂ ಬಿಡು."

"ಬೈದ್ರೆ ನಿನಗೆ ಹಗುರ ಆಗುತ್ತೆ. ನನಗೇನಾಗುತ್ತೆ?"

"ಮತ್ತೆ ಕೋಳಿ ಸಾಕು. ಹಿತ್ತಲಿಗೆಲ್ಲ ಜಾಲರಿ ನಾನು ಹಾಕಿಕೊಡ್ತೀನಿ. ಮರಿ ನಾನು ತಂದುಕೊಡ್ತೀನಿ."

"ನನ್ನ ಕೈ ಏಳಲ್ಲ ಕಣೋ," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನೇ ಅವನಿಂದ ತಡೆದುಕೊಳ್ಳಲಾಗಲಿಲ್ಲ. "ಕರೆದ್ರೆ ನಂಬಿ ಬಂದ್ವು. ಇನ್ನು ಯಾವ ಬಾಯಲ್ಲಿ ಕರೀಲಿ? ನನ್ನ ಮುಂದೆ ಕೂತು ಅಳಬೇಡ, ಎದ್ದು ಹೋಗು. ಇನ್ನೂ ಕೋಳಿ ಇರೋರ ಮನೆಗೆ ಹೋಗಿ ಹೇಳು."

ಅವನು ಹೋದ. ಈಗಲೂ ಅಂಗಡಿ ಮುಚ್ಚಿದ ದಿನ ಡಾಕ್ಟರಮ್ಮನ ಜೊತೆ ಪಕ್ಕದ ಊರುಗಳಿಗೆ ಹೋಗುತ್ತಾನೆ. ಮಹಿಳಾ ಸಂಘದವರ ಮುಂದೆ ನಿಂತು, "ನಾನೇ ಮಾಡಿದ್ದು ಇದು," ಎಂದು ಶುರುಮಾಡುತ್ತಾನೆ. ಕೆಲವರು ಕೇಳುತ್ತಾರೆ. ಹೆಚ್ಚಿನವರು, "ನಮ್ಮ ಬಾತು ಚೆನ್ನಾಗೇ ಇವೆ," ಎನ್ನುತ್ತಾರೆ. ಅಕ್ಕನ ಗೂಡು ಖಾಲಿಯೇ ಇದೆ.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಬಾತು ಸಾಕಬೇಡಿ ಎಂದು ನಾವು ಹೇಳುತ್ತಿಲ್ಲ. ಕೋಳಿಯ ಜೊತೆ ಸಾಕಬೇಡಿ. ಬಾತಿಗೆ ಬೇರೆ ಗೂಡು, ಬೇರೆ ನೀರು, ಬೇರೆ ಕಾಳು ಇರಲಿ. ಕಾಡುಹಕ್ಕಿ ಇಳಿಯುವ ಕೆರೆ, ಹೊಂಡಕ್ಕೆ ಅವನ್ನು ಬಿಡಬೇಡಿ. ಕೋಳಿಯ ಗೂಡು ಒಣಗಿರಲಿ, ಗೂಡಿಗೆ ಹೋಗಲು ಬೇರೆ ಚಪ್ಪಲಿ ಇಟ್ಟುಕೊಳ್ಳಿ, ಬಂದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಕೋಳಿಗಳು ಇದ್ದಕ್ಕಿದ್ದಂತೆ ಸತ್ತರೆ, ಜುಟ್ಟು ನೀಲಿಗಟ್ಟಿದರೆ ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಕೊಯ್ದು ತಿನ್ನಬೇಡಿ, ಮಾರಬೇಡಿ, ನೀರಿಗೆ ಎಸೆಯಬೇಡಿ. ಆ ಕ್ಷಣವೇ ಪಶು ಆಸ್ಪತ್ರೆಗೆ ಫೋನ್ ಮಾಡಿ. ಅವುಗಳನ್ನು ಮುಟ್ಟಿದವರಿಗೆ ಜ್ವರ ಬಂದರೆ ಡಾಕ್ಟರಿಗೆ ವಿಷಯ ಮುಚ್ಚಿಡದೆ ಹೇಳಿ.

ಹಕ್ಕಿಜ್ವರವನ್ನು ಮುಚ್ಚಿಟ್ಟರೆ ಅದು ನಿಮ್ಮ ಮನೆಯಲ್ಲೇ ಉಳಿಯುವುದಿಲ್ಲ. ಪಕ್ಕದ ಮನೆಯಲ್ಲಿ ಯಾರಿದ್ದಾರೆ, ಅವರ ಹೊಟ್ಟೆಪಾಡು ಯಾವುದರಲ್ಲಿದೆ ಎಂದು ಒಮ್ಮೆ ಯೋಚಿಸಿ. ಈ ಹಾಳೆಯನ್ನು ಕೆಳಗಿಟ್ಟು ಈಗಲೇ ನಿಮ್ಮ ಹಿತ್ತಲಿಗೆ ಹೋಗಿ. ಒಂದೇ ಟಬ್ಬಿನಲ್ಲಿ ಬಾತೂ ಕೋಳಿಯೂ ನೀರು ಕುಡಿಯುತ್ತಿದ್ದರೆ, ಇವತ್ತೇ ಬೇರೆ ಮಾಡಿ.