ಪುವಾನಾನಿಯ ಗಿಡ್ಡ ಹಲಗೆ

ಪುವಾನಾನಿ ಅಲೆಯೇರಿ ಬಂದಳೆಂದರೆ ವೈಯಾನಯಿ ಕಡಲದಂಡೆಯ ಹುಡುಗರು ಹಾದಿ ಬಿಡುತ್ತಿದ್ದರು. ಅರ್ಧ ಮರ್ಯಾದೆ, ಅರ್ಧ ಹೆದರಿಕೆ. ಶಾಲೆಯ ಬಸ್ಸು ಓಡಿಸುವ ಆಕೆಯದು ಭಾರೀ ಮೈಕಟ್ಟು. ತೂಕ ನೂರಿಪ್ಪತ್ತು ಕಿಲೋ ದಾಟಿತ್ತು. ಅಲೆಯೇರುವ ಅವಳ ಹತ್ತಡಿಯ ಸರ್ಫ್ ಹಲಗೆ ದೋಣಿಯಂತೆ ಸಾಗುತ್ತಿತ್ತು, ದೋಣಿಯಂತೆಯೇ ತಿರುಗಲು ಒಲ್ಲೆನ್ನುತ್ತಿತ್ತು. ಸಣ್ಣ ಅಲೆಗಳಲ್ಲಿ ಅದೇನೂ ತೊಂದರೆಯಲ್ಲ. ನೀರಿನಡಿಯ ಬಂಡೆಸಾಲಿನ ಮೇಲೆ ಗೋಡೆಯಂತೆ ಏಳುವ ಅಲೆಯಲ್ಲಿ ಮಾತ್ರ ಅದರ ಮೂತಿ ನೀರಿಗೆ ಚುಚ್ಚಿಕೊಳ್ಳುತ್ತಿತ್ತು. ಕಳೆದ ಚಳಿಗಾಲದಲ್ಲಿ ಹಾಗೇ ಚುಚ್ಚಿಕೊಂಡು, ಅವಳನ್ನು ಎತ್ತಿ ಒಗೆದು, ಪಕ್ಕದಲ್ಲಿದ್ದ ತಮ್ಮ ಹಾನಾಲೆಗೆ ಬಡಿದು ಅವನ ಹೆಗಲೆಲುಬು ಮುರಿಯಿತು.

ಎಲುಬು ಕೂಡಿಕೊಂಡಿತು. ಆದರೆ ಹಾನಾಲೆ ಮತ್ತೆ ನೀರಿಗಿಳಿಯಲಿಲ್ಲ, ಆ ದಿನದ ಬಗ್ಗೆ ತುಟಿಯೂ ಬಿಚ್ಚಲಿಲ್ಲ. ಬೈದಿದ್ದರೆ ಅವಳಿಗೆ ಇಷ್ಟು ನೋಯುತ್ತಿರಲಿಲ್ಲ.

ಮುಂದಿನ ಚಳಿಗಾಲದ ಅಲೆಗಳು ಶುರುವಾಗುವ ಮೊದಲೇ ಅವಳು ಹಲಗೆ ಕೆತ್ತುವ ಲೋಪಾಕನ ಶೆಡ್ಡಿಗೆ ಹೋದಳು. ಹಾನಾಲೆಯೂ ಜೊತೆಗಿದ್ದ.

"ಅಂಕಲ್, ನಂಗೆ ಗಿಡ್ಡ ಬೋರ್ಡ್ ಬೇಕು. ತಿರುಗು ಅಂದ್ರೆ ತಿರುಗೋ ಅಂಥದ್ದು," ಎನ್ನುತ್ತಾ ಗೋಡೆಗೊರಗಿದ್ದ ತೆಳ್ಳನೆಯದೊಂದನ್ನು ಎತ್ತಿಕೊಂಡಳು.

"ಅಕ್ಕಾ, ಅದು ಐಸ್‌ಕ್ರೀಂ ಕಡ್ಡಿ ಕಣೇ!" ಎಂದು ಹಾನಾಲೆ ನಕ್ಕ.

ಲೋಪಾಕ ನಗಲಿಲ್ಲ. "ತಗೊಂಡ್ಹೋಗು. ಮಿಕ್ಕಿದ್ದು ನೀರೇ ಹೇಳುತ್ತೆ."

ನೀರು ಹೇಳಿತು. ಅದರ ಮೇಲೆ ಬೋರಲು ಮಲಗಿದ್ದೇ ತಡ, ಹಲಗೆ ಅವಳನ್ನು ಎದೆಮಟ್ಟ ಮುಳುಗಿಸಿತು. ತೋಳು ಬಿದ್ದುಹೋಗುವಷ್ಟು ನೀರು ಬಡಿದರೂ ಒಂದು ಅಲೆ ಸಿಗಲಿಲ್ಲ. ದಡದಲ್ಲಿ ಯಾರೋ ಸಿಳ್ಳೆ ಹಾಕಿದರು. ಅವಳು ಮುಖ ಕೆಂಪಗೆ ಮಾಡಿಕೊಂಡು ಶೆಡ್ಡಿಗೆ ಹಿಂದಿರುಗಿದಳು.

"ಗಿಡ್ಡ ಅಂದ್ರೆ ತೆಳ್ಳಗೆ ಇರ್ಬೇಕು ಅಂತ ಯಾರಮ್ಮ ಹೇಳಿದ್ದು?" ಎಂದ ಲೋಪಾಕ. "ಉದ್ದದಲ್ಲಿ ಕಡಿದಿದ್ದನ್ನ ಅಗಲಕ್ಕೆ, ದಪ್ಪಕ್ಕೆ ಕೊಡ್ಬೇಕು. ಆಗ ನಿನ್ನ ಹೊರುತ್ತೆ."

ಅವನು ಕೆತ್ತಿಕೊಟ್ಟ ಏಳೂವರೆ ಅಡಿಯ ಹಲಗೆ ಗುಂಡುಗುಂಡಾಗಿತ್ತು.

"ಹಂದಿಮರಿ ಥರ ಇದೆಯಲ್ಲ ಅಂಕಲ್!" ಎಂದಳು ಪುವಾನಾನಿ.

"ಹಂದಿಮರಿ ಓಡೋದು ನೋಡಿಲ್ವಾ ನೀನು? ಆದ್ರೆ ಒಂದು ಮಾತು. ಹಳೇದ್ರಲ್ಲಿ ದೂರದಿಂದ್ಲೇ ಅಲೆ ಹಿಡೀತಿದ್ದೆ. ಇದ್ರಲ್ಲಿ ಅಲೆ ಮುರಿಯೋ ಜಾಗಕ್ಕೇ ಹೋಗಿ ಕೂರ್ಬೇಕು. ಎದ್ದು ನಿಲ್ಲೋಕೆ ತಡ ಮಾಡಿದ್ಯೋ, ಕೆಳಗೆ ಬಂಡೆ."

ಮೊದಲ ದೊಡ್ಡ ಅಲೆಗಳು ಬಂದ ಬೆಳಗ್ಗೆ ಹಾನಾಲೆ ದಡದಲ್ಲೇ ಕುಳಿತ. ಅವಳು ಒಬ್ಬಳೇ ಹೋದಳು. ಅಭ್ಯಾಸಬಲದಿಂದ ದೂರದಲ್ಲೇ ಕಾದಳು. ಅಲೆ ಹೊಟ್ಟೆಯಡಿಯಿಂದ ನುಸುಳಿ ಹೋಯಿತು. ಇನ್ನೊಂದೂ ಹಾಗೇ.

"ಏನ್ ಆಂಟಿ, ಬಸ್ ಮಿಸ್ಸಾಯ್ತಾ?" ಎಂದು ಒಬ್ಬ ಪಡ್ಡೆ ಹುಡುಗ ಕೂಗಿದ.

"ನಾಳೆ ನೀನು ನಡ್ಕೊಂಡು ಸ್ಕೂಲಿಗೆ ಹೋಗು, ಆಗ ಗೊತ್ತಾಗುತ್ತೆ," ಎಂದಳು. ಸುತ್ತ ಇದ್ದವರು ನಕ್ಕರು.

ಹಲ್ಲು ಕಚ್ಚಿ ಅಲೆ ಮುರಿಯುವ ಜಾಗಕ್ಕೇ ಸರಿದಳು. ತಿಳಿನೀರಿನಡಿ ಬಂಡೆಯ ಕಪ್ಪು ಬೆನ್ನು ಕಾಣತೊಡಗಿತು. ಅಷ್ಟರಲ್ಲಿ ಹೊರಗೆ ಕಡಲು ಕಪ್ಪಗೆ ಮೇಲೆದ್ದಿತು. ಎಲ್ಲರೂ ಅಲೆ ದಾಟಲು ನೀರು ಬಡಿಯುತ್ತಾ ಆಚೆಗೆ ಧಾವಿಸಿದರು, ಅವಳಿಗೆ ಆಗಲಿಲ್ಲ. ಹಲಗೆಯನ್ನು ತಬ್ಬಿ ಅದರೊಡನೆ ನೀರಿನಡಿಗೆ ಮಗುಚಿದಳು. ಅಲೆ ಅವಳನ್ನು ಒಗೆವ ಬಟ್ಟೆಯಂತೆ ಸೆಳೆದಾಡಿತು. ಮೊಣಕಾಲು ಬಂಡೆಗೆ ಉಜ್ಜಿ ಉರಿಯಿತು. ಮೇಲೆದ್ದು ಒಂದು ಉಸಿರೆಳೆದಳೋ ಇಲ್ಲವೋ, ಎರಡನೆಯದು ಅಪ್ಪಳಿಸಿತು.

ಮತ್ತೆ ತಲೆಯೆತ್ತಿದಾಗ ಒಂದು ಕೂಗು ಕೇಳಿಸಿತು. "ಅಕ್ಕಾ! ಸಾಕು, ಬಾರೇ!"

ಅಲೆ ಮುರಿಯದ ಆಳದ ಹಾದಿಯಲ್ಲಿ, ಯಾರದೋ ಹಲಗೆಯ ಮೇಲೆ ಹಾನಾಲೆ. ಅವನು ನೀರಿಗಿಳಿದಿದ್ದ.

ಅವನ ಕಡೆ ಹೋಗಬಹುದಿತ್ತು. ಆದರೆ ಮೂರನೆಯ ಅಲೆ ಅವಳ ಬೆನ್ನ ಹಿಂದೆಯೇ ಏಳುತ್ತಿತ್ತು. ಈಗ ಹೆದರಿ ಹೋದರೆ ತಾನು ಈ ಬಂಡೆಯ ಕಡೆ ಮತ್ತೆ ಬರುವವಳಲ್ಲವೆಂದು ಅವಳಿಗೆ ಗೊತ್ತಿತ್ತು. ಹಲಗೆಯನ್ನು ದಡದತ್ತ ತಿರುಗಿಸಿದಳು. ಬಲವಾಗಿ ನೀರು ಬಡಿದಳು. ಹಲಗೆಯ ಹಿಂಬದಿ ಎದ್ದಿತು, ಎದುರಿಗೆ ನೆಲವೇ ಕುಸಿದಂತಾಯಿತು. ಹಳೆಯದಾಗಿದ್ದರೆ ಇಲ್ಲೇ ಮೂತಿ ಚುಚ್ಚುತ್ತಿತ್ತು. ಎದ್ದು ನಿಂತಳು, ಜಾರಿದಳು, ಹಿಂಗಾಲು ಒತ್ತಿದಳು. ಅಷ್ಟು ಮೈಭಾರವೂ ಹಲಗೆಯ ಅಂಚಿಗೆ ಇಳಿಯಿತು. ಹಲಗೆ ತಿರುಗಿತು. ನೀರಿನ ಗೋಡೆಯುದ್ದಕ್ಕೂ ಅವಳನ್ನು ಹೊತ್ತು ಓಡಿ, ತಮ್ಮನ ಹತ್ತಿರ ತಂದು ಬಿಟ್ಟಿತು.

"ತಿರುಗ್ತು ಕಣೋ!" ಎಂದಳು ಏದುಸಿರಿನಲ್ಲಿ.

ಹಾನಾಲೆಯ ಮುಖ ಬಿಳಿಚಿತ್ತು. "ಸಾಯೋಕೆ ಬಂದಿದ್ಯೇನೇ ನೀನು?"

"ನಿನ್ನ ಮೂಳೆ ಮುರಿದ ಸಿಟ್ಟು ಇನ್ನೂ ಹೋಗಿಲ್ಲ ಅಲ್ವಾ?"

"ಮೂಳೆ ಹಾಳಾಗಿ ಹೋಗ್ಲಿ!" ಅವನ ದನಿ ಒಡೆಯಿತು. "ಅವತ್ತು ನೀನು ಮೇಲೆ ಬರ್ಲೇ ಇಲ್ಲ ಅಕ್ಕ. ನನ್ನ ಕೈ ಏಳ್ತಿರ್ಲಿಲ್ಲ. ಕಣ್ಣೆದುರೇ ನೀನು ಮುಳುಗಿದ್ದೆ, ನಾನು ಸುಮ್ನೆ ನೋಡ್ತಿದ್ದೆ. ರಾತ್ರಿಯೆಲ್ಲ ಅದೇ ಬರುತ್ತೆ ಕಣ್ಮುಂದೆ."

ಇಡೀ ವರ್ಷ ಪುವಾನಾನಿ ಅವನ ಮೌನವನ್ನು ಸಿಟ್ಟೆಂದು ಹೊತ್ತು ತಿರುಗಿದ್ದಳು. ಅವನ ಹಲಗೆಯನ್ನು ತನ್ನತ್ತ ಎಳೆದುಕೊಂಡು, ತಲೆಗೆ ತಲೆ ಒತ್ತಿ ಹಿಡಿದಳು. ಅಲೆಗಳು ಇಬ್ಬರನ್ನೂ ಎತ್ತಿ ಇಳಿಸಿದವು.

"ಕಾಲಲ್ಲಿ ರಕ್ತ ಬರ್ತಿದೆ," ಎಂದ ಅವನು ಕೊನೆಗೆ.

"ಬರ್ಲಿ ಬಿಡು. ನೀನು ಪಕ್ಕದಲ್ಲಿರು, ಇನ್ನೊಂದು ಹಿಡೀತೀನಿ."

ಆ ಇನ್ನೊಂದು ಬೇಗ ಸಿಗಲಿಲ್ಲ. ಎಷ್ಟೋ ಅಲೆಗಳು ಕೈತಪ್ಪಿದವು. ಹಾನಾಲೆ ಪ್ರತಿ ಸಲವೂ ಬೈದ, ಆದರೆ ದಡಕ್ಕೆ ಹೋಗಲಿಲ್ಲ.